ಸಿಮೆಂಟಿಗೆ ವಾರವಿಲ್ಲ

ನಮ್ಮೂರಲ್ಲಿ ಇಬ್ಬರು ಮೂವರು ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ವಾರ ಹಿಡಿದ ದಿನ ನಾನು ಕೊಡ ಹೊತ್ತು ಕೆಲಸಕ್ಕೆ ಹೋದೆ ಎಂದು ಅವರಿಗೆ ಸಿಟ್ಟು. ಹೋದದ್ದು ನಿಜ. ಒಂದು ಸಲವಲ್ಲ, ನಾಲ್ಕು ಮಂಗಳವಾರ ಹೋದೆ. ಮತ್ತೆ ಅಂಥ ಪ್ರಸಂಗ ಬಂದರೆ ಮತ್ತೆ ಹೋಗುತ್ತೇನೆ. ನನ್ನ ಮೊಮ್ಮಗಳ ನೌಕರಿ ಆ ಕೊಡದ ನೀರಿನ ಮೇಲೆ ನಿಂತಿತ್ತು. ಇದನ್ನು ಯಾರಿಂದಲೂ ಬರೆಸುತ್ತಿಲ್ಲ. ಮೂರನೇ ಇಯತ್ತೆಯಲ್ಲಿ ಕಲಿತ ಅಕ್ಷರ ಇನ್ನೂ ಕೈಬಿಟ್ಟಿಲ್ಲ, ನಾನೇ ಬರೆಯುತ್ತಿದ್ದೇನೆ.

ವಾರ ಹಿಡಿಯುವುದೆಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಊರಿಗೆ ಬೇನೆ ಬೇಸರಿಕೆ ಬರದಿರಲಿ ಎಂದು ಹಿರಿಯರು ಕೂತು, ಊರ ದೇವಿಯ ಹೆಸರಿನಲ್ಲಿ ಐದು ಮಂಗಳವಾರ ಗೊತ್ತು ಮಾಡುತ್ತಾರೆ. ಹಿಂದಿನ ದಿನ ಸಂಜೆ ಡಂಗುರ ಹೊಡೆಯುತ್ತಾರೆ. ಆ ದಿನ ಯಾರೂ ಹೊಲಕ್ಕೆ ಹೋಗುವಂತಿಲ್ಲ, ಕೂಲಿಗೆ ಹೋಗುವಂತಿಲ್ಲ, ಬೀಸುವಂತಿಲ್ಲ, ಕುಟ್ಟುವಂತಿಲ್ಲ, ಒಲೆಯ ಮೇಲೆ ಹಂಚು ಇಡುವಂತಿಲ್ಲ. ಸೋಮವಾರ ಬಡಿದಿಟ್ಟ ರೊಟ್ಟಿ ತಿಂದು ಮನೆಯ ಮುಂದೆ ಕೂರಬೇಕು. ನಾನೂ ಬುದ್ಧಿ ಬಂದಾಗಿನಿಂದ ಹಿಡಿದವಳೇ. ಅದನ್ನು ಹಗುರ ಮಾಡಿ ಮಾತಾಡುವವಳಲ್ಲ.

ಆ ಬೇಸಿಗೆಯಲ್ಲಿ ಮಾಸೂರಿನಾಚೆಯ ನಮ್ಮೂರ ಕಾಲುವೆಯ ಮೇಲೆ ಸಣ್ಣದೊಂದು ಸೇತುವೆ ಕಟ್ಟುವ ಕೆಲಸ ನಡೆದಿತ್ತು. ಕಾಲುವೆ ಒಣಗಿದಾಗಲೇ ಅದನ್ನು ಮುಗಿಸಬೇಕು, ನೀರು ಬಿಟ್ಟ ಮೇಲೆ ಯಾರೂ ಏನೂ ಮಾಡಲಾಗದು. ನನ್ನ ಮಗಳ ಮಗಳು ಡಿಪ್ಲೊಮಾ ಮುಗಿಸಿ, ಆ ಕೆಲಸ ಹಿಡಿದ ಕಂಪನಿಗೆ ಆರು ತಿಂಗಳ ಪರೀಕ್ಷೆಯ ಮೇಲೆ ಸೇರಿದ್ದಳು. ನನ್ನ ಮನೆಯಲ್ಲೇ ಇದ್ದಳು. ಕಾಲುವೆ ದಂಡೆಯ ತಗಡಿನ ಶೆಡ್ಡಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಯಾವ ದಿನ ಯಾವ ಕೆಲಸ ಎಂದು ಹೊಂದಿಸಿಡುವುದು ಅವಳ ಪಾಲಿನದು. ಮಧ್ಯಾಹ್ನ ಬುತ್ತಿ ಒಯ್ಯುವುದು ನನ್ನ ಪಾಲಿನದು.

ಒಂದು ದಿನ ಬುತ್ತಿ ಬಿಚ್ಚುತ್ತ ಪರದೆಯ ಮೇಲೆ ಕೈ ಇಟ್ಟು ತೋರಿಸಿದಳು.

"ಆಯಿ, ಇದು ಕ್ಯಾಲೆಂಡರ್. ಬಿಳೇ ಮನಿ ಇದ್ರ ಕೆಲಸದ ದಿನ, ಬೂದ ಬಣ್ಣ ಇದ್ರ ಸೂಟಿ. ನಾವು ಹಾಕಿದ್ದ ನೋಡಿಕೊಂಡು ಅದು ಕೆಲಸ ಯಾವತ್ತ ಮುಗೀತೈತಿ ಅಂತ ತಾನ ಹೇಳತೈತಿ."

"ಮಂಗಳಾರ ಯಾಕ ಬಿಳೇದು ಐತಿ?"

"ಕಂಪನಿಯಿಂದ ಹಂಗ ಬಂದೈತಿ. ರವಿವಾರ ಒಂದ ಸೂಟಿ. ಮುಂಜಾನೆ ಒಂಬತ್ತರಿಂದ ಸಂಜಿ ಆರರ ತನಕ ಕೆಲಸ."

"ಈ ಬಿಸಲಾಗ ಎರಡು ಗಂಟೇಕ ಕಬ್ಬಿಣ ಮುಟ್ಟಾಕ ಆಗತೈತೇನವ್ವ? ನಿನ್ನ ಕಂಪ್ಯೂಟರಿಗೆ ಒಂದ್ಸಲ ಮುಟ್ಟಿ ನೋಡು ಅನ್ನು. ಇನ್ನ ವಾರ ಹಿಡದ ದಿನ ಯಾರ ಬರ್ತಾರ?"

ನಕ್ಕಳು. ಆದರೆ ನನ್ನ ಮಾತನ್ನು ತೆಗೆದುಹಾಕಲಿಲ್ಲ. ಐದು ಮಂಗಳವಾರಗಳನ್ನು ಬೂದು ಮಾಡಿದಳು. ಹೊತ್ತನ್ನು ಬೆಳಗಿನ ಐದೂವರೆಯಿಂದ ಹನ್ನೊಂದು, ಮತ್ತೆ ನಾಲ್ಕರಿಂದ ಆರೂವರೆ ಎಂದು ತಿದ್ದಿದಳು. ಕೆಳಗೆ ಒಂದೊಂದು ಕೆಲಸಕ್ಕೆ ಒಂದೊಂದರಂತೆ ಇದ್ದ ಉದ್ದುದ್ದ ಪಟ್ಟಿಗಳೆಲ್ಲ ಸರಸರ ಬಲಕ್ಕೆ ಸರಿದವು. ಅವಳ ಮುಖದ ನಗು ಹೋಯಿತು. ಕಾಲುವೆಗೆ ನೀರು ಬಿಡುವ ದಿನ ದಾಟಿ ಹನ್ನೊಂದು ದಿನಕ್ಕೆ ಕೆಲಸ ಮುಗಿಯುತ್ತದೆ ಎಂದು ತೋರಿಸುತ್ತಿತ್ತು.

ಆ ವಾರವೇ ಕಂಪನಿಯ ದೊಡ್ಡ ಸಾಹೇಬರು ಬಂದರು. ಬೆಂಗಳೂರು ಕಡೆಯ ಮಾತು, ಮಡಿಕೆ ಮುರಿಯದ ಅಂಗಿ. ಪರದೆ ನೋಡಿ ತಲೆ ಅಲ್ಲಾಡಿಸಿದರು.

"ನೋಡಮ್ಮ, ದೇವರು ದಿಂಡರ ರಜೆಯೆಲ್ಲ ಇದರಲ್ಲಿ ಬರಬಾರದು. ಆಫೀಸಿನ ಕ್ಯಾಲೆಂಡರ್ ಹೇಗಿತ್ತೋ ಹಾಗೇ ಇರಲಿ."

"ಸರ್, ಮಂಗಳಾರ ಬಿಳೇದು ಮಾಡಿದ್ರ ಮಂದಿ ಕಾಗದದಾಗ ಅಷ್ಟ ಬರ್ತಾರ್ರಿ. ಇಲ್ಲಿಗೆ ಬರಂಗಿಲ್ಲ."

"ಕಾಗದ ಸರಿ ಇರಬೇಕು. ಸೋಮವಾರ ಬರ್ತೀನಿ. ಅಷ್ಟರಲ್ಲಿ ನೀರು ಬಿಡೋದಕ್ಕಿಂತ ಮುಂಚೆ ಕೆಲಸ ಮುಗಿಯೋ ಹಾಗೆ ತೋರಿಸು. ಇಲ್ಲ ಅಂದ್ರೆ ನಿನ್ನ ಕಾಯಂ ಮಾಡಿ ಅಂತ ನಾನು ಬರೆಯೋದಿಲ್ಲ."

ಅವರು ಹೋದ ಮೇಲೆ ಹುಡುಗಿ ಮತ್ತೆ ಪರದೆಯ ಮುಂದೆ ಕೂತಳು. "ಐದು ಮನಿ ಬಿಳೇದು ಮಾಡಿ, ಹೊತ್ತೂ ಮೊದಲಿನಂಗ ಮಾಡಿಬಿಟ್ರ ಮುಗೀತಲ್ಲ ಆಯಿ" ಎಂದಳು.

"ಮಾಡು. ಮಂಗಳಾರ ಒಬ್ಬರೂ ಬರಲಿಲ್ಲ ಅಂದಾಗ ಬೈಸಿಕೊಳ್ಳಾಕಿ ಯಾರು? ಆ ಸಾಹೇಬ ಅಲ್ಲ, ನೀನ."

"ಮತ್ತ ಏನ ಮಾಡ್ಲಿ?"

"ರವಿವಾರ ಯಾಕ ಸೂಟಿ ಅಂತ ನಮ್ಮ ಮಂದೀನ ಕೇಳಿಯೇನು?"

ಕೇಳಿರಲಿಲ್ಲ. ನಾನು ಕೇಳಿದೆ. ಕಬ್ಬಿಣ ಕಟ್ಟುವವರು, ಕಲ್ಲು ಮಣ್ಣು ಹೊರುವ ಹೆಣ್ಣಾಳುಗಳು, ಎಲ್ಲ ನಮ್ಮ ಓಣಿಯವರೇ. "ರವಿವಾರ ಸಾಲಿ ಹುಡುಗರಿಗೆ ಆಯಿ, ನಮಗ್ಯಾತರ ರವಿವಾರ" ಎಂದು ಒಬ್ಬಳು ನಕ್ಕಳು. ಮೊಮ್ಮಗಳು ರವಿವಾರಗಳನ್ನು ಬಿಳಿ ಮಾಡಿದಾಗ ಪಟ್ಟಿಗಳು ಎಡಕ್ಕೆ ಸರಿದು ಬಂದವು. ಆದರೂ ಮೂರು ದಿನ ಹೆಚ್ಚೇ ಉಳಿಯಿತು. ಆ ಮೂರು ದಿನ ಎಲ್ಲಿ ಹಿಂಡಿದರೂ ಹೋಗಲಿಲ್ಲ.

ಮರುದಿನ ಅವಳ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಒಂದೊಂದು ಪಟ್ಟಿ ಏನೆಂದು ಕೇಳುತ್ತ ಹೋದೆ. ಎರಡು ಪಟ್ಟಿ ಉಳಿದವಕ್ಕಿಂತ ಉದ್ದವಾಗಿದ್ದವು.

"ಅವು ಕ್ಯೂರಿಂಗ್. ಸಿಮೆಂಟ್ ಹಾಕಿದ ಮ್ಯಾಲೆ ಹದಿನಾಕ ದಿನ ನೀರು ಹಾಕೋದು. ಗೋಡೆಗೆ ಒಮ್ಮೆ, ಮ್ಯಾಲಿನ ಸ್ಲ್ಯಾಬಿಗೆ ಒಮ್ಮೆ."

ನಾನು ಬೆರಳಿಟ್ಟು ಮನೆ ಎಣಿಸಿದೆ. ಎಣಿಕೆಯಲ್ಲಿ ನನ್ನನ್ನು ಯಾರೂ ಮೋಸ ಮಾಡಲಾರರು.

"ಇಲ್ಲಿ ಹದಿನಾರು ಅದಾವು."

"ನಡುವ ಎರಡು ಮಂಗಳಾರ ಬಂದಾವಲ್ಲ, ಅವು ಸೂಟಿ. ಅದಕ್ಕ ಹದಿನಾರು."

"ಸಿಮೆಂಟೂ ವಾರ ಹಿಡದೈತೇನವ್ವ?"

ಅವಳಿಗೆ ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಇಪ್ಪತ್ತು ವರ್ಷ ನಾನು ಹತ್ತಿಯ ಬೀಜದ ಹೊಲಗಳಲ್ಲಿ ಹೆಣ್ಣಾಳುಗಳ ಗುಂಪು ನಡೆಸಿದವಳು. ಹಂಸಭಾವಿ, ಚಿಕ್ಕೇರೂರು ಕಡೆಗೆಲ್ಲ ಕರೆದೊಯ್ಯುತ್ತಿದ್ದೆ. ಸಂಜೆ ಗಿಡದಲ್ಲೇ ಮೊಗ್ಗಿನ ಗಂಡು ಕೇಸರ ಬಿಡಿಸಿಟ್ಟರೆ ಮರುದಿನ ಮುಂಜಾನೆ ಅದಕ್ಕೆ ಗಂಡು ಹೂವು ಸವರಲೇಬೇಕು. ನಾವು ಸೂಟಿ ಮಾಡಿದೆವೆಂದು ಹೂವು ಒಂದು ದಿನ ಕಾಯುವುದಿಲ್ಲ, ಬಾಡುತ್ತದೆ. ಹಾಗಾಗಿ ಮರುದಿನ ನಾವು ಬರುವಂತಿಲ್ಲದಿದ್ದರೆ ಹಿಂದಿನ ಸಂಜೆ ಮೊಗ್ಗು ಮುಟ್ಟುತ್ತಲೇ ಇರಲಿಲ್ಲ. ಆಳಿನ ಲೆಕ್ಕ ಬೇರೆ, ಹೂವಿನ ಲೆಕ್ಕ ಬೇರೆ. ಸಿಮೆಂಟೂ ಹಾಗೆಯೇ. ಹಾಕಿದ ಗಳಿಗೆಯಿಂದ ಅದು ಹಗಲೂ ರಾತ್ರಿ ಗಟ್ಟಿಯಾಗುತ್ತಿರುತ್ತದೆ. ಮಂಗಳವಾರ ಬಂತೆಂದು ನಿಲ್ಲುತ್ತದೆಯೇ?

ಹುಡುಗಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಕೀಲಿಗಳ ಮೇಲೆ ಬೆರಳು ಓಡಿಸಿದಳು.

"ನಾ ಊರಿನ ಕ್ಯಾಲೆಂಡರ್ ಎಲ್ಲಾದಕ್ಕೂ ಹಾಕಿಬಿಟ್ಟೇನಿ ಆಯಿ. ಕ್ಯೂರಿಂಗಿಗೆ ಬ್ಯಾರೇದ ಕೊಡಾಕ ಬರತೈತಿ, ಎಲ್ಲಾ ದಿನ ಬಿಳೇದು."

ಗೋಡೆಯ ಪಟ್ಟಿಯಿಂದ ಎರಡು ದಿನ, ಸ್ಲ್ಯಾಬಿನ ಪಟ್ಟಿಯಿಂದ ಎರಡು ದಿನ ಹೋದವು. ನೀರು ಬಿಡುವುದಕ್ಕೆ ಒಂದು ದಿನ ಮುಂಚೆ ಕೆಲಸ ಮುಗಿಯಿತು, ಪರದೆಯ ಮೇಲೆ. ನನಗಾದ ಸಂತೋಷಕ್ಕೆ ಅವಳ ಬುತ್ತಿಯ ಶೇಂಗಾ ಹಿಂಡಿಯನ್ನು ನಾನೇ ತಿಂದು ಮುಗಿಸಿದ್ದೆ, ಎಚ್ಚರವೇ ಇರಲಿಲ್ಲ.

ಸೋಮವಾರ ಸಾಹೇಬರು ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು.

"ಮಂಗಳವಾರ ಯಾರೂ ಬರಲ್ಲ ಅಂತೀಯ. ಹಾಗಾದ್ರೆ ನೀರು ಯಾರು ಹಾಕ್ತಾರೆ?"

ಅವಳು ಅದನ್ನು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಮಾತು ತಾನಾಗಿ ಬಂತು.

"ನಾ ಹಾಕತೇನ್ರಿ."

"ನೀವು ಯಾರು?"

"ಆಕಿ ಆಯಿ."

"ವಯಸ್ಸೆಷ್ಟಮ್ಮ?"

"ಕೊಡ ಹೊರೋವಷ್ಟು ಐತ್ರಿ."

ಅವರು ನಗಲಿಲ್ಲ. "ಒಂದು ಮಂಗಳವಾರ ನಾನು ಬಂದಾಗ ಗೋಡೆ ಒಣಗಿದ್ದು ಕಂಡರೆ, ಆವತ್ತೇ ಇವಳ ಕಡೇ ದಿನ" ಎಂದರು. ಅವರ ಕಾರು ಹೊರಟ ಮೇಲೆ ಮೊಮ್ಮಗಳು ಕೆಲಸಗಾರರ ಪಟ್ಟಿಯಲ್ಲಿ ಹೊಸದೊಂದು ಸಾಲು ಸೇರಿಸಿ 'ಆಯಿ' ಎಂದು ಬರೆದಳು. ನನಗೂ ಒಂದು ಕ್ಯಾಲೆಂಡರ್ ಕೊಟ್ಟಳು. ಅದರಲ್ಲಿ ನೀರು ಹಾಕುವ ನಾಲ್ಕು ಮಂಗಳವಾರ ಮಾತ್ರ ಬಿಳಿ, ಉಳಿದ ದಿನವೆಲ್ಲ ಬೂದು. ಜೀವಮಾನದಲ್ಲಿ ನನಗೆ ಯಾರೂ ಅಷ್ಟು ಸೂಟಿ ಕೊಟ್ಟಿರಲಿಲ್ಲ.

ಮೊದಲ ಮಂಗಳವಾರ ಕೊಡ ಹೊತ್ತು ಹೊರಟಾಗ ಊರೆಲ್ಲ ಕಟ್ಟೆಯ ಮೇಲೆ ಕೂತಿತ್ತು. ಡಂಗುರ ಹೊಡೆಸಿದ ಹಿರಿಯರೇ ತಡೆದರು. ನನ್ನ ಗಂಡನಿಗೆ ದೊಡ್ಡಪ್ಪನ ಮಗ, ನಾನು ಯಣ್ಣ ಎನ್ನುತ್ತೇನೆ.

"ಏನಬೇ, ವಾರ ಹಿಡದದ್ದು ಗೊತ್ತಿಲ್ಲೇನು?"

"ಗೊತ್ತೈತಿ ಯಣ್ಣ. ಒಲಿ ಮ್ಯಾಲೆ ಹಂಚು ಇಟ್ಟಿಲ್ಲ, ಹೊಲಕ್ಕ ಹೋಗಿಲ್ಲ."

"ಮತ್ತ ಕೊಡ?"

"ನಿಮ್ಮ ಎಮ್ಮಿಗೆ ಮುಂಜಾನೆ ನೀರು ಕುಡಿಸಿದ್ರಿಲ್ಲೋ?"

"ಅದು ಜೀವ."

"ಇದು ಮೊನ್ನಿ ಹುಟ್ಟಿದ ಕೂಸು. ನೀರು ಕುಡೀಲಿಲ್ಲ ಅಂದ್ರ ಬಿರಕ ಬಿಡತೈತಿ. ಆಮ್ಯಾಲೆ ಅದರ ಮ್ಯಾಲೆ ಚಕ್ಕಡಿ ಹೊಡೆಯಾವ್ರು ನೀವ."

"ದೇವಿ ಮುನದ್ರ?"

"ನನ್ನ ಮ್ಯಾಲೆ ಮುನೀಲಿ. ಬೇಕಾದ್ರ ಆಕಿಗೆ ನನ್ನ ಮನಿ ತೋರಸ್ರಿ."

"ಮೊಂಡ ಮುದುಕಿ" ಎಂದು ಅತ್ತ ತಿರುಗಿ ಕೂತರು. ನಾನು ನಡೆದೆ. ಶೆಡ್ಡಿನ ಬಳಿ ಟ್ಯಾಂಕಿನಲ್ಲಿ ನೀರು ತುಂಬಿಸಿಟ್ಟಿದ್ದರು. ಗೋಡೆಗೆ ಸುತ್ತಿದ್ದ ಗೋಣಿತಟ್ಟು ಬಿಸಿಲಿಗೆ ಆಗಲೇ ಗರಿಗರಿ ಎನ್ನುತ್ತಿತ್ತು. ಹೊಯ್ದೆ, ಕೂತೆ, ಮತ್ತೆ ಹೊಯ್ದೆ. ಮೊಮ್ಮಗಳು ಕೊಡಕ್ಕೆ ಕೈ ಹಚ್ಚಲು ಬಂದರೆ, ನಿನ್ನ ಮನೆ ಇವತ್ತು ಬೂದು, ಸುಮ್ಮನೆ ಕೂರು ಎಂದು ಗದರಿಸಿದೆ.

ಎರಡನೇ ಮಂಗಳವಾರ ಸಾಹೇಬರು ಹೇಳದೆ ಕೇಳದೆ ಬಂದರು. ಗೋಣಿತಟ್ಟನ್ನು ಅಂಗೈಯಿಂದ ಒತ್ತಿದರು. ತೋಳಿನವರೆಗೆ ನೀರಿಳಿಯಿತು. ಕರವಸ್ತ್ರದಿಂದ ಒರೆಸಿಕೊಂಡು ಹೋದರು.

ಸ್ಲ್ಯಾಬಿನ ಹೊತ್ತಿಗೆ ನನ್ನ ಮೊಣಕಾಲು ಸೋತಿತ್ತು. ಒಬ್ಬಳೇ ಅಷ್ಟಗಲ ನೆನೆಸುವುದು ಆಗಲಾರದೇನೋ ಎಂದು ಅಂಜಿದ್ದೆ. ಆಗ ಆ ಹಿರಿಯರ ಸೊಸೆಯೇ ಸೆರಗಿನ ಮರೆಯಲ್ಲಿ ಬಿಂದಿಗೆ ಹಿಡಿದು ಬಂದಳು.

"ಮಾವ ಕಳಿಸಿದ್ರೇನು?"

"ಮಾವಾರಿಗೆ ಗೊತ್ತಿಲ್ಲ ಆಯಿ. ಲಗೂನ ಹಾಕಿ ಹೋಗತೇನಿ."

ಕಡೆಯ ಮಂಗಳವಾರ ಅವಳ ಜೊತೆ ಇನ್ನೂ ಇಬ್ಬರಿದ್ದರು.

ಕ್ಯಾಲೆಂಡರ್ ಹೇಳಿದ ದಿನವೇ ಕೆಲಸ ಮುಗಿಯಿತು. ಸಾಹೇಬರು ಕಾಯಂ ಮಾಡುವ ಕಾಗದ ಹಿಡಿದೇ ಬಂದರು. ಸಹಿಗೆ ಪೆನ್ನು ತೆಗೆದು, "ಒಂದು ಕೆಲಸ ಮಾಡಮ್ಮ. ಮೇಲಿನವರಿಗೆ ಕಳಿಸೋ ಪ್ರತಿಯಲ್ಲಿ ಮಂಗಳವಾರ ಬಿಳಿ ಮಾಡಿ, ಭಾನುವಾರ ಬೂದು ಮಾಡು. ಎಲ್ಲ ಕಡೆ ಇರೋ ಹಾಗೆ ಕಾಣುತ್ತೆ" ಎಂದರು.

ಬಾಯಿ ತೆರೆದರೆ ಕೆಡುತ್ತದೆ ಎಂದು ಸೆರಗು ಕಚ್ಚಿ ನಿಂತೆ.

"ಆಗಂಗಿಲ್ಲ ಸರ್" ಎಂದಳು ನನ್ನ ಮೊಮ್ಮಗಳು. "ಮುಂದಿನ ಸೇತುವಿಗೆ ಬರಾವ್ರು ಇದನ್ನ ನೋಡಿ ಹೊಂದಸ್ತಾರ್ರಿ. ನಾವು ಹೆಂಗ ಮುಗಿಸಿದಿವಿ ಅನ್ನೋದು ಇದರಾಗ ಐತಿ. ತೆಗಿಯಂಗಿಲ್ಲ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಕಿಟಕಿಯಾಚೆ ಸೇತುವೆ ನೋಡಿದರು. ಮತ್ತೆ ಮುಚ್ಚಳ ತೆಗೆದರು. "ಇವಳು ನಿಮ್ಮ ಮೊಮ್ಮಗಳೇ, ಅನುಮಾನ ಇಲ್ಲ" ಎಂದು ನನಗೆ ಹೇಳಿ ಸಹಿ ಹಾಕಿದರು.

ಮರುದಿನ ಪೇಢೆ ತರಲು ಹಿರೇಕೆರೂರಿಗೆ ಹೋದೆ. ಬರುವಾಗ ಬಸ್ಸಿನಲ್ಲಿ ಪಕ್ಕದವಳಿಗೆ ಎಲ್ಲ ಹೇಳಿದೆ. ಅವಳು ಇಳಿದ ಮೇಲೆ ಕಂಡಕ್ಟರನನ್ನು ಹಿಡಿದೆ. ಬಿಳಿ ಮನೆ, ಬೂದು ಮನೆ, ಸಿಮೆಂಟಿಗೆ ಬೇರೆ, ನನಗೆ ಬೇರೆ ಎಂದು ಅಂಗೈ ಮೇಲೆ ಗೀರಿ ಗೀರಿ ತೋರಿಸಿದೆ. ಅವನು ಪೇಢೆ ಬಾಯಿಗೆ ಹಾಕಿಕೊಂಡು ಕೇಳಿದ, ಪಾಪ.

"ಆಯಿ, ಎಲ್ಲಾ ತಿಳೀತ್ರಿ" ಎಂದ ಕಡೆಗೆ. "ನಿಮ್ಮೂರು ದಾಟಿ ಎರಡು ಸ್ಟಾಪ್ ಆತು. ಇಳೀತೀರೋ, ಇನ್ನೂ ಐತೋ?"