ಎಂಟು ಬ್ಯಾಡ ಅಂದಿದ್ದಕ್ಕೆ ಕೊಟ್ಟ ಕಾರು

2023ನೇ ಇಸ್ವಿ ಡಿಸೆಂಬರ್‌ನಾಗೆ ನಾನು ಹೊಸೂರಿನ ಒಂದು ಕಾರ್ ಶೋರೂಮಲ್ಲಿ ಡೆಲಿವರಿ ಇನ್‌ಚಾರ್ಜ್ ಆಗಿದ್ದೆ. ಅಂದ್ರೆ ಕಾರು ಮಾರೋನಲ್ಲ. ಮಾರಾಟ ಆಗಿರೋ ಕಾರು ತೊಳ್ಸಿ, ಕಾಗ್ದ ಪತ್ರ ಜೋಡ್ಸಿ, ಹಾರ ಹಾಕ್ಸಿ, ಬೀಗದ ಕೈ ಗಿರಾಕಿ ಕೈಗೆ ಕೊಡೋನು. ಅದೇ ಶೋರೂಮಲ್ಲಿ ಒಂಬತ್ತು ವರ್ಸ ಕಾರು ತೊಳ್ದಿದ್ದೆ. ಮೂವತ್ತೊಂದನೇ ವಯಸ್ಸಲ್ಲಿ ಹತ್ತನೇ ಕ್ಲಾಸು ಪಾಸು ಮಾಡ್ದ ಮೇಲೆ ಈ ಕೆಲ್ಸ ಕೊಟ್ರು. ಆಗ ಒಂದೇ ಬೆರಳಲ್ಲಿ ಟೈಪ್ ಮಾಡ್ತಿದ್ದೆ, ಈಗ್ಲೂ ಹಂಗೇನೆ. ಆ ಬೆರಳಲ್ಲಿ ಒತ್ತಿದ ಒಂದು ಗುಂಡಿಯಿಂದ ಐದು ಜೀವ ಹೋಗೋದ್ರಲ್ಲಿತ್ತು. ಅದನ್ನ ಇಲ್ಲಿ ಬರೀತಿದೀನಿ.

ವರ್ಸದ ಕೊನೆ ಅಂದ್ರೆ ಶೋರೂಮಿಗೆ ಸುಗ್ಗಿ. ಜನವರಿ ಒಂದನೇ ತಾರೀಕು ಬಂದ್ರೆ ಉಳ್ದಿರೋ ಕಾರೆಲ್ಲ ಹಳೇ ವರ್ಸದ ಕಾರಾಗೋಯ್ತದೆ, ಅದಕ್ಕೆ ಸ್ಪೆಷಲ್ ಆಫರ್ ಬಿಡ್ತಾರೆ. ಆ ಸಲ ಎರಡು ಥರ ಇತ್ತು. ಒಂದು ಲೋನು: ಮುಂಗಡ ಏನೂ ಕಟ್ಟಂಗಿಲ್ಲ, ಮೊದ್ಲು ಮೂರು ತಿಂಗ್ಳು ಕಂತಿಲ್ಲ. ಇನ್ನೊಂದು ಲೀಸು: ಕಾರು ಕಂಪ್ನಿ ಹೆಸರಲ್ಲೇ ಇರ್ತದೆ, ನಾವು ತಿಂಗ್ಳು ತಿಂಗ್ಳು ಬಾಡ್ಗೆ ಕಟ್ಟಿ ಓಡಿಸ್ಕೊಂಡು, ನಾಕು ವರ್ಸ ಆದ್ಮೇಲೆ ವಾಪಸ್ ಕೊಡೋದು. ಎರಡಕ್ಕೂ ಒಂದೇ ಶರತ್ತು. ಗಿರಾಕಿ ಬೀಗದ ಕೈ ಇಸ್ಕೊಳೋ ಫೋಟೋ ಡಿಸೆಂಬರ್ ಮೂವತ್ತೊಂದು ಸಾಯಂಕಾಲ ಆರು ಗಂಟೆ ಒಳಗೆ ಕಂಪ್ಯೂಟರ್‌ಗೆ ಹಾಕ್ಬೇಕು. ಆರು ದಾಟಿದ್ರೆ ಆಫರ್ ಇಲ್ಲ.

ಮುನಿರಾಜು ಬಂದಿದ್ದು ಡಿಸೆಂಬರ್ ಇಪ್ಪತ್ತರ ಸುಮಾರಿಗೆ. ಡೆಂಕಣಿಕೋಟೆ ಆಚೆಗಿನ ಹಳ್ಳಿಯೋನು, ಹೊಸೂರಿನ ಫ್ಯಾಕ್ಟ್ರಿಲಿ ಶಿಫ್ಟ್ ಕೆಲ್ಸ. ಜೊತೆಗೆ ಹೆಂಡ್ತಿ ಪವಿತ್ರ, ತಾಯಿ ಚೌಡಮ್ಮ, ಇಬ್ರು ಹೆಣ್ಮಕ್ಳು. ಅವನಿಗೆ ಲೈಸೆನ್ಸ್ ಬಂದು ಎರಡು ತಿಂಗ್ಳಾಗಿತ್ತು. ಲೀಸೇ ವಾಸಿ ಅಂತ ಅವನ ಲೆಕ್ಕ. ಅವ್ರಮ್ಮ ಒಪ್ಲಿಲ್ಲ.

"ನಮ್ದಲ್ದಿರೋ ಕಾರಿಗೆ ನಾನ್ಯಾಕ್ಲಾ ಕುಂಬ್ಳಕಾಯಿ ಒಡೀಲಿ? ಮದ್ವೆಗೆ ಬಾಡ್ಗೆ ಚಿನ್ನ ಇಕ್ಕೊಂಡಂಗೆ" ಅಂದ್ಬುಟ್ರು.

ಎಲ್ರೂ ನಕ್ಕು ಲೋನಿಗೆ ಹೋದ್ವಿ. ಬಿಳೀ ಕಾರು ಅಂತ ತೀರ್ಮಾನ ಆಯ್ತು, ಡೆಲಿವರಿ ಮೂವತ್ತೊಂದನೇ ತಾರೀಕು ಭಾನುವಾರ. ಭಾನುವಾರ ರಾಹುಕಾಲ ನಾಕೂವರೆಗೆ ಶುರು, ಅಷ್ಟ್ರೊಳಗೆ ಗೇಟು ದಾಟ್ಬೇಕು ಅಂತ ಚೌಡಮ್ಮ ಎರಡ್ಸಲ ಹೇಳಿ ಹೋದ್ರು.

ಶನಿವಾರ ಮಧ್ಯಾಹ್ನ ಮುನಿರಾಜು ಫೋನ್ ಮಾಡ್ದ. "ನಂಜಣ್ಣ, ನಮ್ಮ ಕಾರಿನ ಚಾಸಿಸ್ ನಂಬರ್ ಕೊನೇ ನಾಕಂಕಿ ಏನು?"

4121 ಅಂದೆ. ಕೂಡಿದ್ರೆ ಎಂಟು. ಫೋನು ಕೈ ಬದ್ಲಾಯ್ತು. ಆಮೇಲೆ ಚೌಡಮ್ಮನ ದನಿ ಬಂತು. "ಎಂಟು ಶನಿದು ಕಣಪ್ಪ. ಬ್ಯಾಡ. ಬೇರೆ ಇದ್ರೆ ನೋಡು."

ಇದು ನಮ್ಮ ಕಡೆ ಹೊಸದಲ್ಲ. ನೂರಕ್ಕೆ ಐವತ್ತು ಜನ ನಂಬರ್ ಕೂಡೇ ಕೂಡ್ತಾರೆ. ಸ್ಟಾಕ್ ಲಿಸ್ಟ್ ನೋಡ್ದೆ. ಅದೇ ಮಾಡೆಲ್, ಅದೇ ಬಿಳಿ, 4110. ಕೂಡಿದ್ರೆ ಆರು. ಆರು ಶುಕ್ರಂದು, ಗಾಡಿಗೆ ಬಾಳ ಒಳ್ಳೇದು ಅಂತ ನಾನೇ ಹೇಳ್ದೆ. ಆಯಮ್ಮ ಖುಷಿಯಾಗಿ "ನಿನ್ ಹೊಟ್ಟೆ ತಣ್ಣಗಿರ್ಲಿ" ಅಂದ್ರು.

ಸಂಜೆ ಬಿಲ್ಲು, ಇನ್ಶೂರೆನ್ಸು, ಟೆಂಪರರಿ ನಂಬರ್ರು ಎಲ್ಲಾ 4110ಕ್ಕೆ ಬದ್ಲಾಯಿಸ್ತಾ ಕೂತೆ. ಅದ್ರಲ್ಲಿ ಪಿ.ಡಿ.ಐ. ಅಂತ ಒಂದು ಜಾಗ ಬತ್ತದೆ. ಕಾರು ಲಾರಿಯಿಂದ ಇಳಿದ್ಮೇಲೆ ಮೆಕ್ಯಾನಿಕ್ಕು ಬ್ರೇಕು, ಚಕ್ರ, ಆಯಿಲು ಎಲ್ಲಾ ನೋಡಿ ಒಂದು ಕಾರ್ಡಿಗೆ ಸೈನ್ ಹಾಕಿ ಕನ್ನಡಿಗೆ ತಗುಲಾಕ್ತಾನೆ. ಆ ಕಾರ್ಡು ನೋಡಿ ಕಂಪ್ಯೂಟರಲ್ಲಿ 'ಎಸ್' ಒತ್ತಬೇಕು, ಇಲ್ದಿದ್ರೆ ಬಿಲ್ಲು ಮುಂದಕ್ಕೆ ಹೋಗಲ್ಲ. ಕಾರು ಯಾರ್ಡಿನ ಕೊನೇಲಿತ್ತು. ಮಾರನೇ ದಿನ ಹನ್ನೆರಡು ಡೆಲಿವರಿ, ಇನ್ನೂ ಏಳರ ಕಾಗ್ದ ಬಾಕಿ. ನಮ್ಮ ಮೆಕ್ಯಾನಿಕ್ಕು ಸೆಲ್ವಂ ನೋಡೇ ಇರ್ತಾನೆ ಅಂದ್ಕೊಂಡು 'ಎಸ್' ಒತ್ತಿದೆ. ಎದ್ದು ಹೋಗಿ ನೋಡಿದ್ರೆ ಐದು ನಿಮ್ಸದ ಕೆಲ್ಸ.

ಭಾನುವಾರ ಎಲ್ಲಾ ಸಾಂಗವಾಗಿ ನಡೀತು. ನಾಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ರು. ಚೌಡಮ್ಮ ಕುಂಬ್ಳಕಾಯಿ ಒಡದ್ರು. ಕನ್ನಡಿಗೆ ಹಾರ ಕಟ್ಟೋವಾಗ ಅಲ್ಲಿ ಕಾರ್ಡಿಲ್ಲ ಅಂತ ಕಣ್ಣಿಗೆ ಬಿತ್ತು. ತೊಳೆಯೋರು ಕಿತ್ತಿರ್ಬೇಕು ಅಂದ್ಕೊಂಡೆ. ಫೋಟೋ ಹೊಡೆದು ಹಾಕಿದ್ದು ನಾಕು ಹತ್ತಕ್ಕೆ. ನಾಕು ಇಪ್ಪತ್ತಕ್ಕೆ ಕಾರು ಗೇಟು ದಾಟ್ತು. ಮುನಿರಾಜು ಎರಡೂ ಕೈಲಿ ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಂಡಿದ್ದ, ಬುಲೆಟ್ ಪ್ರೂಫ್ ಗಾಡಿ ಓಡ್ಸೋನಂಗೆ.

ನಾಕು ನಲ್ವತ್ತಕ್ಕೆ ಸೆಲ್ವಂ ಬಂದ. ವರ್ಕ್‌ಶಾಪಿಗೆ ರಜಾ, ಸಂಜೆ ಕಾರು ಜರುಗ್ಸೋಕೆ ಅಂತ ಕರ್ಸಿದ್ವಿ. ಅವನು ತಮಿಳೋನು, ನಮ್ಜೊತೆ ಕನ್ನಡದಲ್ಲೇ ಮಾತು.

"ನಂಜಣ್ಣ, ಮೂಲೇಲಿದ್ದ ಬಿಳೀ ವಂಡಿ ಎಲ್ಲಿ?"

"ಡೆಲಿವರಿ ಆಯ್ತಲ್ಲೋ."

ಅವನು ಓಡೋಗಿ ಟೂಲ್ ಡಬ್ಬಿ ತಂದ. ಆಮೇಲೆ ಹೇಳ್ದ. ಎಡಗಡೆ ಮುಂದಿನ ಚಕ್ರದಾಗೆ ಏನೋ ಸದ್ದಿತ್ತಂತೆ. ಶನಿವಾರ ಬಿಚ್ಚಿ ನೋಡವ್ನೆ. ಸೋಮವಾರ ಸೂಪರ್‌ವೈಸರ್‌ಗೆ ತೋರ್ಸೋಕೆ ಮತ್ತೆ ಬಿಚ್ಚೋದೈತಲ್ಲ ಅಂತ ನಾಕು ನಟ್ಟೂ ಬರೀ ಕೈಲಿ ತಿರುಗ್ಸಿ, ಮೇಲೆ ನಟ್ಟು ಮುಚ್ಚೋ ವೀಲ್ ಕ್ಯಾಪು ಒತ್ತಿಬಿಟ್ಟವ್ನೆ. ಕಾರ್ಡು ಅವನ ಡಬ್ಬಿಲೇ ಇತ್ತು. ಸೈನಿರ್ಲಿಲ್ಲ.

ಮುನಿರಾಜುಗೆ ಫೋನ್ ಹಾಕ್ದೆ, ಸ್ವಿಚ್ ಆಫ್. ಬೆಳಗಿಂದ ವಿಡಿಯೋ ತೆಗ್ದೂ ತೆಗ್ದೂ ಚಾರ್ಜ್ ಹೋಗಿತ್ತು ಅಂತ ಆಮೇಲೆ ಗೊತ್ತಾಯ್ತು. ಫಾರಂನಲ್ಲಿ ಎರಡನೇ ನಂಬರ್ ಬರ್ಯೋ ಜಾಗ ನಾನೇ ಖಾಲಿ ಬಿಟ್ಟಿದ್ದೆ.

ಮ್ಯಾನೇಜರ್ ಹತ್ರ ಓಡ್ದೆ. ಅವ್ರು ಬಾಗ್ಲು ಹಾಕಿ ಮೆಲ್ಲಗೆ ಅಂದ್ರು: "ಫೋಟೋ ಹೋಗೈತೆ, ಡೆಲಿವರಿ ಆಗೈತೆ. ತಪ್ಪಾಯ್ತು ಅನ್ನೋ ಮಾತು ಬಾಯಲ್ಲಿ ಬರ್ಬಾರ್ದು. ಫ್ರೀ ಚೆಕಪ್ ಅಂತ ಹೇಳಿ ಟೈಟ್ ಮಾಡಿ ಬನ್ನಿ."

ನನ್ನ ಬೈಕಲ್ಲಿ ಸೆಲ್ವಂನ ಕೂರಿಸ್ಕೊಂಡೆ. ಅವನ ಮಡಿಲಲ್ಲಿ ವೀಲ್ ಸ್ಪ್ಯಾನರ್ರು. ಮತ್ತಿಗೆರೆ ದಾಟಿ ಡೆಂಕಣಿಕೋಟೆ ರೋಡು ಹಿಡಿದ್ವಿ. ದಿನಾ ಕಾಣೋ ರೋಡು ಅವತ್ತು ಬೇರೆ ಥರ ಕಾಣ್ತು. ಎಲ್ಲಿ ಜನ ಗುಂಪಾಗಿದ್ರೂ ಬ್ರೇಕ್ ಹಾಕಿ ಇಣುಕ್ತಿದ್ದೆ. ಒಂದ್ಕಡೆ ಎಳನೀರಿನ ಗುಂಪು, ಇನ್ನೊಂದ್ಕಡೆ ಟೊಮ್ಯಾಟೊ ಕ್ರೇಟು ಇಳಿಸ್ತಿದ್ರು. ಮೋರಿ ಬಂದ್ರೆ ಬೈಕ್ ನಿಧಾನ ಮಾಡಿ ಕೆಳಗೆ ಬಗ್ಗಿ ನೋಡ್ತಿದ್ದೆ. ಬಿಳೀದು ಏನೂ ಕಾಣ್ದಿದ್ರೆ ಮುಂದಕ್ಕೆ. ಹಿಂದೆ ಕೂತ ಸೆಲ್ವಂ "ಮುರುಗಾ, ಮುರುಗಾ" ಅಂತ ಒಂದೇ ಸಮ ಅಂತಿದ್ದ. ಮೊದ್ಲು ಸುಮ್ನಿರೋ ಅಂದೆ, ಆಮೇಲೆ ನಾನೂ ಅನ್ನೋಕೆ ಶುರು ಮಾಡ್ದೆ.

ಹನ್ನೆರಡು ಕಿಲೋಮೀಟರ್ ಆದ್ಮೇಲೆ ಒಂದು ಹಂಪು. ಅದ್ರ ಪಕ್ಕ ಧೂಳಲ್ಲಿ ಒಂದು ವೀಲ್ ಕ್ಯಾಪು ಬಿದ್ದಿತ್ತು. ಹೊಚ್ಚ ಹೊಸಾದು. ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರ್ಲಿಲ್ಲ, ಒಂದ್ಕಡೆ ನಿಂಬೆಹಣ್ಣಿನ ರಸ ಒಣಗಿತ್ತು. ಸೆಲ್ವಂ ಅದನ್ನ ಎತ್ಕೊಂಡು ಎದೆಗೆ ಒತ್ಕೊಂಡ.

"ಕ್ಯಾಪು ಹಾರಿದ್ರೆ ಚಕ್ರ ಆಡ್ತಾ ಐತೆ ಅಂತ ಅರ್ಥ ಅಣ್ಣಾ. ಇನ್ನು ಜಾಸ್ತಿ ದೂರ ಇಲ್ಲ."

ಕಾರು ಜಾಸ್ತಿ ದೂರ ಇಲ್ಲ ಅಂದ್ನೋ, ಚಕ್ರ ಜಾಸ್ತಿ ದೂರ ತಡ್ಯಲ್ಲ ಅಂದ್ನೋ ನಾನು ಕೇಳ್ಲಿಲ್ಲ.

ಇನ್ನು ಐದಾರು ಕಿಲೋಮೀಟರ್ ಹೋದ್ರೆ ಗಾಡಿಗಳೆಲ್ಲ ಸಾಲಾಗಿ ನಿಂತಿದ್ವು. ಟೌನ್ ಬಸ್ಸು, ಟೆಂಪೋ, ಬೈಕು. ಮುಗೀತು, ಆಕ್ಸಿಡೆಂಟೇ ಆಗೈತೆ ಅಂದ್ಕೊಂಡೆ. ಬೈಕ್ ಬೀಳಿಸಿ ಸಾಲಿನ ಪಕ್ಕದಲ್ಲೇ ಓಡ್ದೆ. ಬಸ್ಸಿನ ಕಿಟಕಿಯಿಂದ ಒಬ್ಬ "ಎಲ್ಗ್ಲಾ ಓಡ್ತೀಯಾ, ಆನೆ ಕಣ್ಲಾ!" ಅಂತ ಕೂಗ್ದ.

ರಾಗಿ ಕುಯ್ಲಿನ ಕಾಲಕ್ಕೆ ಆನೆ ಬರೋದು ನಮ್ಮ ಕಡೆ ಮಾಮೂಲು. ಹದ್ನೈದೋ ಇಪ್ಪತ್ತೋ ಇದ್ವು, ನೀಲಗಿರಿ ತೋಪಿಂದ ಇಳ್ದು ರೋಡು ದಾಟಿ ಕೆರೆ ಕಡೆ ಹೋಗ್ತಿದ್ವು. ಅಲ್ಲಿ ನಿಂತ ಸಾಲಿನಲ್ಲಿ ಎಲ್ರಿಗಿಂತ ಮುಂದೆ, ಆನೆಗಳಿಗೆ ನೂರು ಅಡಿ ಕೂಡ ಇಲ್ದಂಗೆ, ಹಾರ ಹಾಕ್ಕೊಂಡು ನಿಂತಿತ್ತು ನಮ್ಮ ಬಿಳೀ ಕಾರು. ನಾಕು ಚಕ್ರದ ಮೇಲೆ ನಿಂತಿತ್ತು.

ಕಿಟಕಿ ಹತ್ರ ಹೋದಾಗ ಮುನಿರಾಜು ಬೆವರ್ತಿದ್ದ. ಒಂದು ಹೆಣ್ಣಾನೆ ಮರೀನ ಪಕ್ಕದಲ್ಲಿ ಇಟ್ಕೊಂಡು ರೋಡ್ ಮಧ್ಯೆ ನಮ್ಮ ಕಡೆ ತಿರುಗಿ ನಿಂತಿತ್ತು. ಹಿಂದಿನ ಗಾಡಿಯೋರು ಒಬ್ಬೊಬ್ರೇ ರಿವರ್ಸ್ ಹೋಗ್ತಿದ್ರು. ಇವನೂ ರಿವರ್ಸ್ ಗೇರಿಗೆ ಕೈ ಹಾಕಿದ್ದ. ಹಿಂದುಗಡೆ ರೋಡು ತಿರುವು, ಪಕ್ಕದಲ್ಲಿ ಆಳ್ದ ಹಳ್ಳ.

ಫ್ರೀ ಚೆಕಪ್ ಅನ್ನೋ ಮಾತು ನಾಲ್ಗೆ ತುದೀಲೇ ಇತ್ತು. ಅಲ್ಲಿ ನಿಂತು ಅದನ್ನ ಹೇಳಿದ್ರೆ ಯಾರಾದ್ರೂ ಕಾರು ನಿಲ್ಲಿಸ್ತಾರಾ? ಕಿಟಕಿಯೊಳಗೆ ಕೈ ಹಾಕಿ ಸ್ಟೇರಿಂಗ್ ಹಿಡ್ಕೊಂಡೆ.

"ಮುನಿರಾಜು, ಒಂದಡಿ ಕೂಡ ಅಲ್ಲಾಡಿಸ್ಬ್ಯಾಡ. ಮುಂದಿನ ಚಕ್ರದ ನಟ್ಟು ಟೈಟ್ ಮಾಡಿಲ್ಲ. ನೋಡ್ದೆ ಕೊಟ್ಬುಟ್ಟೆ. ತಪ್ಪು ನಂದು."

ಅವನಿಗೆ ಅರ್ಥ ಆಗೋಕೆ ಒಂದು ಗಳಿಗೆ ಬೇಕಾಯ್ತು. "ಟಕ್ ಟಕ್ ಅಂತಿತ್ತಣ್ಣ. ಹೊಸಾ ಕಾರಲ್ವಾ, ರೋಡೇ ಸರಿಯಿಲ್ಲ ಅಂದ್ಕೊಂಡೆ" ಅಂದ. ಪವಿತ್ರ ಇಬ್ರು ಮಕ್ಳ ತಲೇನೂ ತನ್ನ ಮಡಿಲಿಗೆ ಒತ್ಕೊಂಡ್ಳು. ನನ್ನ ಕಡೆ ನೋಡ್ಲಿಲ್ಲ.

ಫಾರೆಸ್ಟ್ ವಾಚರ್ ಒಬ್ಬ ಹಳ್ಳದ ಪಕ್ಕದಿಂದ ಕೈ ಬೀಸ್ತಿದ್ದ. "ಯಾರೂ ಇಳೀಬ್ಯಾಡಿ! ಹಾರನ್ ಬ್ಯಾಡ, ಇಂಜಿನ್ ಆಫ್!" ತಮಿಳಲ್ಲೊಂದ್ಸಲ, ಕನ್ನಡದಲ್ಲೊಂದ್ಸಲ.

ಅವ್ರನ್ನ ಇಳಿಸಂಗಿಲ್ಲ, ಕಾರು ಕದಲಿಸಂಗಿಲ್ಲ. ನನ್ನ ಹಿಂದೇನೆ ಓಡಿ ಬಂದಿದ್ದ ಸೆಲ್ವಂ ಡಿಕ್ಕಿಯಿಂದ ಜಾಕಿ ತಗೊಂಡು ಮಂಡಿಯೂರಿ ಕೂತ. ಜನ ಒಳಗಿರೋವಾಗ್ಲೇ ಕಾರು ಎತ್ತಬೇಕಾಯ್ತು. ಹಂಗೆ ಮಾಡ್ಬಾರ್ದು ಅಂತ ಅವನಿಗೂ ಗೊತ್ತು. ಹೊಸಾ ಜಾಕಿ, ತಿರುಗ್ಸಿದ್ರೆ ಕಿರ್ ಅಂತಿತ್ತು. ಒಂದು ಸುತ್ತಿಗೆ ಆನೆ ಕಿವಿ ಅಗಲ ಮಾಡ್ತು. ಇನ್ನೊಂದು ಸುತ್ತಿಗೆ ಒಂದು ಹೆಜ್ಜೆ ನಮ್ಮ ಕಡೆ ಇಡ್ತು. ಸೆಲ್ವಂ ನಿಲ್ಲಿಸ್ದ. ಚಿಕ್ಕ ಮಗೀಗೆ ಬಿಕ್ಕಳಿಕೆ ಹತ್ಕೊಂಡಿತ್ತು, ಪವಿತ್ರ ಅದ್ರ ಬಾಯಿ ಮುಚ್ಚಿದ್ಳು. ಚೌಡಮ್ಮ ತನ್ನ ಹರಳೆಣ್ಣೆ ಹಚ್ಚಿದ ತಲೆಗೂದ್ಲು ಒರೆಸಿ ಆ ಎಣ್ಣೆ ಕೈನ ಕಿಟಕಿಯಿಂದ ಚಾಚಿ, "ಇದನ್ನ ಸವರ್ಲಾ ಅದಕ್ಕೆ" ಅಂತ ಪಿಸುಗುಟ್ಟಿದ್ರು. ಆ ಎಣ್ಣೆ ನನ್ನ ಬೆರಳಿಗೆ ಇಸ್ಕೊಂಡು ಜಾಕಿ ತಿರುಪಿಗೆ ಸವರ್ದೆ. ಸದ್ದು ಪೂರ್ತಿ ಹೋಗ್ಲಿಲ್ಲ, ಕಮ್ಮಿಯಾಯ್ತು.

ಚಕ್ರ ನೆಲ ಬಿಟ್ಟಾಗ ನೋಡಿದ್ವಿ. ನಾಕು ನಟ್ಟಲ್ಲಿ ಒಂದು ಇರ್ಲೇ ಇಲ್ಲ. ಒಂದು ತುದೀಲಿ ಎರಡು ಸುತ್ತಿಗೆ ನಿಂತಿತ್ತು. ಉಳಿದೆರಡು ಬೆರಳಲ್ಲಿ ಮುಟ್ಟಿದ್ರೆ ತಿರುಗ್ತಿದ್ವು. ಸೆಲ್ವಂ ಮೂರನ್ನೂ ಬಿಗಿ ಮಾಡಿ ಕಾರಿಳಿಸಿ ಇನ್ನೊಂದ್ಸಲ ಬಿಗಿ ಮಾಡ್ದ. ಅಷ್ಟೊತ್ಗೆ ಹೆಣ್ಣಾನೆ ಮರೀನ ತಳ್ಕೊಂಡು ಕೆರೆ ಕಡೆ ಇಳ್ದು ಹೋಯ್ತು. ಟೈಮು ಐದು ಐವತ್ತು.

ರೋಡು ಖಾಲಿಯಾದ್ಮೇಲೆ ಚೌಡಮ್ಮ ಕಾರಿಂದ ಇಳ್ದು ನನ್ನ ಮುಂದೆ ನಿಂತ್ರು. ಹೊಡೀತಾರೆ ಅಂದ್ಕೊಂಡೆ, ಹೊಡೀಲಿ ಅಂತಾನೂ ಅನ್ನಿಸ್ತು.

"ಒಳ್ಳೆ ನಂಬರ್ರು ಅಂದೆ. ಒಳ್ಳೆ ಗಳಿಗೇಲಿ ಕಳಿಸ್ದೆ. ರಾಹುಕಾಲದಾಗೆ ಆ ಆನೆ ಬಂದು ಅಡ್ಡ ನಿಂತ್ಕೊಂತು, ನಾವುಳ್ಕೊಂಡ್ವಿ. ನಿನ್ ಕೈಯೇನ್ಲಾ ಮಾಡ್ತಿತ್ತು?"

ಅವ್ರನ್ನ ಬಸ್ಸು ಹತ್ತಿಸಿ ಊರಿಗೆ ಕಳಿಸ್ದೆ. ಮೂರು ನಟ್ಟಿನ ಕಾರನ್ನ ಸೆಲ್ವಂ ನಿಧಾನವಾಗಿ ಹೊಸೂರಿಗೆ ತಂದ. ನಾನು ಹಿಂದೆ ಬೈಕಲ್ಲಿ, ಆ ಎಡಗಡೆ ಚಕ್ರದ ಮೇಲಿಂದ ಕಣ್ಣು ತೆಗೀಲಿಲ್ಲ.

ಮಾರನೇ ದಿನ ನಡೆದಿದ್ದೆಲ್ಲ ಬರ್ದು ಕೊಟ್ಟೆ. ಒಂದೂವರೆ ಪುಟ ಟೈಪ್ ಮಾಡೋಕೆ ಮಧ್ಯಾಹ್ನದವರೆಗೂ ಆಯ್ತು. "ಇದನ್ನ ಹರಿದಾಕು, ಯಾರೂ ಕೇಳಲ್ಲ" ಅಂದ್ರು ಮ್ಯಾನೇಜರ್. ಹರೀಲಿಲ್ಲ. ಎಂಟು ತಿಂಗ್ಳು ಮತ್ತೆ ಕಾರು ತೊಳ್ಯೋಕೆ ಹಾಕಿದ್ರು, ಸೆಲ್ವಂಗೆ ಮೆಮೋ ಬಂತು. ಮುನಿರಾಜು ಕಾರು ಪೂರ್ತಿ ಚೆಕ್ ಆಗಿ ಎರಡು ವಾರಕ್ಕೆ ಮನೆಗೆ ಹೋಯ್ತು, ಆಫರ್ ಏನೂ ತಪ್ಪಲಿಲ್ಲ.

ಈಗ ಮತ್ತೆ ಡೆಲಿವರಿ ನನ್ನ ಕೈಲೈತೆ. ಕಾರ್ಡು ನೋಡಿ ಸುಮ್ನಾಗಲ್ಲ. ಗಿರಾಕಿ ಎದುರ್ಗೇ ಕ್ಯಾಪು ಕಿತ್ತು, ಸ್ಪ್ಯಾನರ್ ಹಾಕಿ ಹದ್ನಾರು ನಟ್ಟೂ ಒತ್ತಿ ನೋಡಿ, ಆಮೇಲೇನೆ ಹಾರ. ತಿಂಗ್ಳ ಕೊನೇಲಿ ಸೇಲ್ಸಿನ ಹುಡುಗ್ರು ಗಡಿಯಾರ ತೋರಿಸಿ ಬೈತಾರೆ. ಬೈಲಿ. ಆಫರ್ ಮುಂದಿನ ತಿಂಗ್ಳೂ ಬತ್ತದೆ. ನೋಡಿರ್ತಾರೆ ಅಂದ್ಕೊಳೋದು ನೋಡ್ದಂಗಲ್ಲ ಅಂತ ಈ ಕೆಲ್ಸ ನನಗೆ ಕಲಿಸ್ತು.

ಹೋದ ವರ್ಸ ಸರ್ವೀಸಿಗೆ ಅಂತ ಅದೇ ಕಾರು ಬಂತು. ಸಂಜೆ ಕೆಲ್ಸ ಮುಗ್ದು ಮುನಿರಾಜು ಸೈನ್ ಹಾಕ್ದ, ಮಕ್ಳು ಹತ್ತಿದ್ವು. ಚೌಡಮ್ಮ ಮಾತ್ರ ಬಾಗ್ಲು ಹಿಡ್ಕೊಂಡು ಹೊರಗೇ ನಿಂತಿದ್ರು.

"ಮುಟ್ಟಿ ನೋಡ್ದೇನ್ಲಾ?"

"ನೋಡ್ದೆ ಕಣಮ್ಮ. ನಾನೇ ನೋಡ್ದೆ."

"ಇನ್ನೊಂದ್ಕಿತ ನೋಡು."

ಸ್ಪ್ಯಾನರ್ ತಗೊಂಡು ಎಡಗಡೆ ಮುಂದಿನ ಚಕ್ರದ ಹತ್ರ ಮಂಡಿಯೂರಿ ಕೂತೆ. ನಾಕನ್ನೂ ಒತ್ತಿ ನೋಡಿ ಎದ್ಮೇಲೆ ಆಯಮ್ಮ ಕಾರು ಹತ್ತಿದ್ರು.