ಆಸಿಡ್ ತಾರದ ಮನೆ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಮುನಿವೆಂಕಟಮ್ಮನ ಮನೆಯ ಕಕ್ಕಸಿಗೆ ಮಾತ್ರ ಯಾರೂ ಆಸಿಡ್ ಹಾಕುತ್ತಿರಲಿಲ್ಲ. ಗಂಡ ಲಕ್ಷ್ಮಯ್ಯ ಮಗ್ಗದ ಮನೆಯಲ್ಲಿ ನೂಲಿನ ಧೂಳು ಕುಡಿದು ಎದೆ ಕೆಡಿಸಿಕೊಂಡವರು. ಒಮ್ಮೆ ಆಸಿಡ್ ಘಾಟಿಗೆ ಉಸಿರು ಸಿಗದೆ ಒದ್ದಾಡಿಬಿಟ್ಟಿದ್ದರು. ಆಮೇಲೆ ಆಕೆ ಆ ಬಾಟಲಿ ಮನೆಗೆ ತರಲಿಲ್ಲ.

ಬೋರ್‌ವೆಲ್ ನೀರು, ಎರಡು ದಿನ ಬಿಟ್ಟರೆ ಹಳದಿ ಕಲೆ. ಹಳೇ ಹುಣಸೆಹಣ್ಣು ನೆನೆಸಿ, ಕಲ್ಲುಪ್ಪು ಕಲಸಿ ಕಲೆಗೆ ಮೆತ್ತಿ, ಒಂದು ಲೋಟ ಕಾಫಿ ಕುಡಿದು ಬಂದು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದಳು. ಅದಕ್ಕೂ ಜಗ್ಗದಿದ್ದರೆ ಅಡುಗೆ ಸೋಡಾ ಉದುರಿಸಿ ಹಿಂಡಿದ ನಿಂಬೆಹೋಳಿನಿಂದ ತಿಕ್ಕುವುದು. ಸಾರಿಗಿಲ್ಲದ ಹುಣಸೆಹಣ್ಣು ಕಕ್ಕಸಿಗುಂಟು ಎಂದು ಲಕ್ಷ್ಮಯ್ಯ ರೇಗಿಸುತ್ತಿದ್ದರು. ಆದರೂ ಹಾಲ್‌ನ ಮಂಚದಿಂದ ಅವರು ಕೆಮ್ಮಿದರೆ ಸಾಕು, ಉಜ್ಜುವ ಕೈ ಅಲ್ಲೇ ನಿಲ್ಲುತ್ತಿತ್ತು.

ಈಗ ಲಕ್ಷ್ಮಯ್ಯ ಇಲ್ಲ. ನಾಳೆ ತಿಥಿ. ಮುನಿವೆಂಕಟಮ್ಮ ಇನ್ನೂ ಅತ್ತಿಲ್ಲ. ಹೆಣ ಎತ್ತಿದಾಗಲೂ ಇಲ್ಲ, ಬಳೆ ಒಡೆದಾಗಲೂ ಇಲ್ಲ. ಎಂಥ ಕಲ್ಲೆದೆಯಮ್ಮ ಎಂದು ನಾದಿನಿ ಅಮ್ಮಯಮ್ಮ ಬಂದವರಿಗೆಲ್ಲ ಹೇಳಿಯಾಗಿತ್ತು. ನೆಂಟರು ಹಾಗೇ, ಕಣ್ಣೀರನ್ನೂ ನೋಡುತ್ತಾರೆ, ಕಕ್ಕಸನ್ನೂ ಇಣುಕುತ್ತಾರೆ. ಆಕೆಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಇಷ್ಟು ಕಾಲ ಜೊತೆಗೆ ಬಾಳಿದವರಿಗೆ ನನ್ನಲ್ಲಿ ಒಂದು ಹನಿಯೂ ಇಲ್ಲವೇ ಎಂಬ ಭಯ ಮಾತ್ರ ಆಗಾಗ ಬಂದು ಹೋಗುತ್ತಿತ್ತು.

ಸಂಜೆ ಸೊಸೆ ಕವಿತ ಅಂಗಡಿಯಿಂದ ಆಸಿಡ್ ಬಾಟಲಿ ತಂದಳು.

"ನಾಳೆ ಜನ ಬರ್ತಾರಲ್ಲತ್ತೆ, ಬೇಗ ಆಗ್ಬಿಡುತ್ತೆ. ಈಗ ಯಾರಿಗೂ ತೊಂದ್ರೆ ಇಲ್ವಲ್ಲ," ಎಂದಳು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಮುನಿವೆಂಕಟಮ್ಮ ಬೇಸರ ಮಾಡಿಕೊಳ್ಳಲಿಲ್ಲ. ಹುಣಸೆಹಣ್ಣು ಬೆಳಗ್ಗೆಯೇ ನೆನೆಸಿಟ್ಟಿದ್ದಳು, ಕೈಗೆ ರೂಢಿಯಾಗಿತ್ತು. ಆ ಬಟ್ಟಲನ್ನು ಪಕ್ಕಕ್ಕಿಟ್ಟು ಬಾಟಲಿ ತೆಗೆದುಕೊಂಡು ಹೋದಳು. ಸೊಸೆ ಹೇಳಿದ್ದು ಸರಿಯಾಗಿಯೇ ಇತ್ತು.

ಸುರಿದಳು. ಬಿಳಿ ಹೊಗೆ ಎದ್ದಿತು. ಯಾರೋ ಕೆಮ್ಮಿದರು.

"ತಡೀರಿ, ಬಾಗ್ಲಾಕ್ತೀನಿ," ಎಂದು ಹಾಲ್‌ನ ಕಡೆಗೆ ಕೂಗಿ ಆಕೆ ಬಾಗಿಲೆಳೆದುಕೊಂಡಳು.

ಕೆಮ್ಮು ಮತ್ತೆ ಬಂತು. ಈ ಸಲ ಬಾಗಿಲ ಒಳಗೇ, ತನ್ನದೇ ಗಂಟಲಿನಿಂದ. ಆಕೆ ಗೋಡೆ ಹಿಡಿದು ನಿಂತಳು. ಹಾಲ್‌ನಲ್ಲಿ ಮಂಚವನ್ನು ಎತ್ತಿ ಹೊರಗಿಟ್ಟು ವಾರವಾಗಿತ್ತು.

ಕವಿತ ಓಡಿ ಬಂದು ಬಾಗಿಲು ತಳ್ಳಿದಳು. ಅತ್ತೆಯ ಎರಡೂ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಹಿಂದೆಯೇ ಬಂದ ಅಮ್ಮಯಮ್ಮ ಅದನ್ನು ನೋಡಿ, ಅಂತೂ ಅತ್ತಳಲ್ಲ ಎಂದು ಸಮಾಧಾನದಿಂದ ಒಳಗೆ ಹೋದಳು.

"ಆಸಿಡ್ ಘಾಟು ಅತ್ತೆ, ಕಣ್ಣು ತೊಳ್ಕೊಳ್ಳಿ," ಎಂದು ಕವಿತ ಚೊಂಬು ನೀರು ಹಿಡಿದಳು.

ಮುನಿವೆಂಕಟಮ್ಮ ಆ ನೀರನ್ನು ಕಕ್ಕಸಿಗೆ ಸುರಿದಳು.

"ಇರ್ಲಿ ಬಿಡವ್ವ," ಎಂದಳು.