ಬರೀ ಅಜ್ಜ

ನನಗೆ ನನ್ನ ಬೀಗರ ಮೇಲೆ ಹೊಟ್ಟೆಕಿಚ್ಚು. ಅವರ ತೆಂಗಿನ ತೋಟ ಅವರಿಗಿರಲಿ, ಈ ವಯಸ್ಸಿನಲ್ಲೂ ಗಟ್ಟಿಯಾಗಿರುವ ಹಲ್ಲುಗಳೂ ಇರಲಿ. ನನಗೆ ಉರಿಯುವುದು ಒಂದೇ ಒಂದು ಪದಕ್ಕೆ. ನಮ್ಮಿಬ್ಬರಿಗೂ ಸೇರಿ ಇರುವವನು ನಾಲ್ಕು ವರ್ಷದ ಒಬ್ಬನೇ ಮೊಮ್ಮಗ. ಅವನಿಗೆ ಅವರು 'ಅಜ್ಜ'. ನಾನು 'ಕೊಟ್ಟಾರದ ಅಜ್ಜ'.

ಅಷ್ಟಕ್ಕೆಲ್ಲ ಯಾಕಪ್ಪಾ ಎನ್ನಬೇಡಿ. ಹೆಸರಿನ ಹಿಂದೆ ಊರು ಸೇರಿತೆಂದರೆ ಮನುಷ್ಯ ನೆಂಟನಾದ ಎಂದೇ ಲೆಕ್ಕ. ಮಗನಿಗೆ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ. ಬಾಣಂತನಕ್ಕೆಂದು ಸುರತ್ಕಲ್ಲಿನ ತವರಿಗೆ ಹೋದ ಸೊಸೆ ಅಲ್ಲಿಯೇ ಉಳಿದಳು. ಮಗುವಿಗೆ ಮಾತು ಬಂದದ್ದೂ ಅಲ್ಲಿಯೇ. ಸುರತ್ಕಲ್ಲಿಗೆ ಹೊಸ ಇಂಜಿನಿಯರಿಂಗ್ ಕಾಲೇಜು ಹೋಯಿತು, ಸಹಿಸಿದೆ. ಈ ಪದವೂ ಅಲ್ಲಿಗೇ ಹೋಗಬೇಕಿತ್ತೇ?

ಪಂಡಿತರನ್ನು ಕೇಳಿದರೆ 'ಆರ್ಯ' ಎಂಬುದೇ ಸವೆದು 'ಅಜ್ಜ' ಆಯಿತೆನ್ನುತ್ತಾರೆ. ಆ ಗೌರವ ನನಗೆ ಊರಿಡೀ ಧಾರಾಳವಾಗಿ ಸಿಗುತ್ತದೆ. "ಅಜ್ಜ, ಸ್ವಲ್ಪ ಎದುರು ಹೋಗಿ ಮಾರಾಯ್ರೆ" ಎನ್ನುತ್ತಾನೆ ಬಸ್ಸಿನ ಕಂಡಕ್ಟರ್. "ಒಳ್ಳೆ ಬಂಗುಡೆ ಉಂಟು ಅಜ್ಜ" ಎನ್ನುತ್ತಾಳೆ ಮೀನಿನವಳು. ಕರೆಯಬೇಕಾದವನ ಬಾಯಲ್ಲಿ ಮಾತ್ರ ವಿಳಾಸವಿಲ್ಲದೆ ನಾನಿಲ್ಲ.

ಕಳೆದ ಆದಿತ್ಯವಾರ ಸೊಸೆ ಅವನನ್ನು ಕರೆತಂದಿದ್ದಳು. ನಾನು ಅವನನ್ನು ತೊಡೆಯ ಮೇಲೆ ಕೂರಿಸಿ, ಬಾಯಿಗೊಂದು ಪೆಪ್ಪರಮಿಂಟು ಹಾಕಿ, "ಬರೀ ಅಜ್ಜ ಅಂತ ಹೇಳು ನೋಡುವ" ಎಂದೆ. ನಾಚಿಕೆಗೇಡು, ಒಪ್ಪಿದೆ. ಅವನು ಅದನ್ನು ಚೀಪುತ್ತಲೇ, ದಡ್ಡನಿಗೆ ಪಾಠ ಹೇಳುವಂತೆ, "ನೀವು ಕೊಟ್ಟಾರದ ಅಜ್ಜ. ಅಜ್ಜ ಮನೆಯಲ್ಲಿ ಇದ್ದಾರೆ" ಎಂದು ಹೇಳಿ ಅಂಗಳಕ್ಕೆ ಓಡಿದ.

ನನ್ನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. ನಕ್ಕು ಮುಗಿದ ಮೇಲೆ ಕೇಳಿದಳು: "ನಿಮ್ಮ ಅಮ್ಮನ ಅಪ್ಪನನ್ನು ನೀವು ಎಂತ ಕರೀತಿದ್ದದ್ದು?"

"ಕಂಕನಾಡಿ ಅಜ್ಜ" ಎಂದೆ. ನನ್ನನ್ನು ನೋಡಲೆಂದೇ ಬಿಸಿಲಲ್ಲಿ ನಡೆದು ಬರುತ್ತಿದ್ದ ಮುದುಕ ಅವರು. ಮುಖದೆದುರಿಗೇ ಹಾಗೆ ಕೂಗುತ್ತಿದ್ದೆ. ಬರೀ ಅಜ್ಜ ಎಂದು ಒಮ್ಮೆಯೂ ಕರೆಯಲಿಲ್ಲ. ಕರೆಸಿಕೊಳ್ಳದೆಯೇ ಅವರು ಹೋದರು. ಆದರೂ ನಾನು ಕರೆದಾಗಲೆಲ್ಲ, ಚಪ್ಪಲಿ ಬಿಡುವ ಮೊದಲೇ, ಬಾಯ್ತುಂಬ "ಓ" ಎನ್ನುತ್ತಿದ್ದರು. ಒಳಗೊಳಗೆ ಅವರಿಗೂ ಉರಿದಿರಬೇಕು, ಪಾಪ.

ಅಷ್ಟರಲ್ಲಿ ಅಂಗಳದಿಂದ ಕೂಗು: "ಕೊಟ್ಟಾರದ ಅಜ್ಜಾ, ಚೆಂಡು ಬಾವಿಗೆ ಬಿತ್ತು!"

"ಓ, ಬಂದೆ ಮಗಾ" ಎಂದೆ, ಸುರತ್ಕಲ್ಲಿಗೂ ಕೇಳುವಷ್ಟು ಗಟ್ಟಿಯಾಗಿ.